ಹಳೆಯ ಮುಳುಗುಗಾರ ಮರಳಿ ನೀರಿಗಿಳಿಯುವಾಗ

ಈಜು ಒಮ್ಮೆ ಕಲಿತವನಿಗೆ ಮರೆಯುವುದಿಲ್ಲ ಎಂಬುದು ಎಲ್ಲರೂ ಹೇಳುವ ಮಾತು. ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರು ನಲವತ್ತು ವರ್ಷ ನೀರು ಮುಟ್ಟದೆ ಇದ್ದರೂ, ಇಳಿದೊಡನೆ ಕೈಕಾಲುಗಳು ತಾವಾಗಿಯೇ ಆಡುವುದನ್ನು ನಾವು ನೋಡಿದ್ದೇವೆ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿನ ಒಳಗೆ ಇಳಿಯುವ ವಿದ್ಯೆಗೆ ಈ ಮಾತು ಅರ್ಧ ಮಾತ್ರ ಸಲ್ಲುತ್ತದೆ. ಸ್ಕೂಬಾ ಎಂದು ಹೆಸರಾದ ಈ ಆಟದಲ್ಲಿ ಮೈ ನೆನಪಿಟ್ಟುಕೊಳ್ಳುವುದು ಸ್ವಲ್ಪ. ತಲೆ ನೆನಪಿಟ್ಟುಕೊಳ್ಳಬೇಕಾದುದು ಬಹಳ.

ಇದು ನಮ್ಮ ಮನೆಗಳಿಗೆ ಸಂಬಂಧಪಟ್ಟ ವಿಷಯವೇ ಎಂದು ನೀವು ಕೇಳಬಹುದು. ಹೌದು. ನೌಕಾದಳದಲ್ಲಿದ್ದು ನಿವೃತ್ತರಾದವರು, ಓದಿಗೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋಗಿದ್ದಾಗ ಹರೆಯದ ಹುಮ್ಮಸ್ಸಿನಲ್ಲಿ ಈ ಆಟ ಕಲಿತವರು ನಮ್ಮ ಪಟ್ಟಣಗಳಲ್ಲಿ ಇದ್ದಾರೆ. ಮದುವೆ, ಮಕ್ಕಳು, ಸಂಸಾರ ಎಂದು ಮೂವತ್ತು ನಲವತ್ತು ವರ್ಷ ಕಳೆದಿವೆ. ಈಗ ಮಕ್ಕಳು ಮೊಮ್ಮಕ್ಕಳು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪಕ್ಕೋ, ಲಕ್ಷದ್ವೀಪಕ್ಕೋ, ಅಂಡಮಾನಿಗೋ ಹೊರಟಾಗ, “ನಿಮಗೆ ಇದೆಲ್ಲ ಗೊತ್ತಲ್ಲ ಅಪ್ಪ, ನೀವೂ ಬನ್ನಿ” ಎಂದು ಕರೆಯುತ್ತಾರೆ. ಪೆಟ್ಟಿಗೆಯ ತಳದಿಂದ ಹಳೆಯ ಪ್ರಮಾಣಪತ್ರ ಹೊರಬರುತ್ತದೆ. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಅವಧಿಯ ಮಿತಿ ಇರುವುದಿಲ್ಲ. ಆದರೆ ಅದು ಹೇಳುವುದು, ಇವರಿಗೆ ಅಂದು ಗೊತ್ತಿತ್ತು ಎಂದು. ಕಡಲು ಕೇಳುವುದು, ಇಂದು ಏನು ಬಲ್ಲಿರಿ ಎಂದು. ಈ ಎರಡರ ನಡುವಣ ಅಂತರವನ್ನು ಅರಿತು ಹೋದವರಿಗೆ ಅದು ಸೊಗಸಾದ ಆಟ. ಅರಿಯದೆ ಹೋದವರಿಗೆ ಪ್ರಾಣದ ಪ್ರಶ್ನೆ.

ಮೊದಲು, ಎಂದಿಗೂ ಬದಲಾಗದ ಸಂಗತಿಗಳನ್ನು ನೋಡೋಣ.

ಒಂದು ತಂಬಿಗೆಯನ್ನು ಬೋರಲು ಹಿಡಿದು ನೀರಿನ ಹಂಡೆಯೊಳಕ್ಕೆ ಅದುಮಿ ನೋಡಿ. ಒಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಕುಗ್ಗುತ್ತದೆ. ಹಂಡೆಯ ಆಳದಲ್ಲಿ ಈ ಕುಗ್ಗುವಿಕೆ ಕಣ್ಣಿಗೆ ಕಾಣುವಷ್ಟಿಲ್ಲ. ಅದೇ ತಂಬಿಗೆಯನ್ನು ಕಡಲಿನಲ್ಲಿ 10 ಮೀಟರ್ ಇಳಿಸಿದರೆ ಗಾಳಿ ಅರ್ಧ ತಂಬಿಗೆಯಾಗುತ್ತದೆ. 20 ಮೀಟರಿನಲ್ಲಿ ಮೂರರಲ್ಲಿ ಒಂದು ಪಾಲು. 30 ಮೀಟರಿನಲ್ಲಿ ಕಾಲು ತಂಬಿಗೆ. ಪ್ರತಿ 10 ಮೀಟರ್ ಕಡಲ ನೀರು ಭೂಮಿಯ ಮೇಲಿನ ಇಡೀ ವಾಯುಮಂಡಲದಷ್ಟು ಒತ್ತಡವನ್ನು ಕೂಡಿಸುತ್ತದೆ. ಒತ್ತಡ ಹೆಚ್ಚಿದಂತೆ ಗಾಳಿ ಕುಗ್ಗುತ್ತದೆ ಎಂಬ ಈ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು.

ಸಿಲಿಂಡರು ಹೊತ್ತವನ ಎದೆಯೂ ಒಂದು ತಂಬಿಗೆಯೇ. ಆದರೆ ಒಂದು ಭೇದವುಂಟು. ಅವನು ಆಳದಲ್ಲಿದ್ದಾಗಲೇ, ಅಲ್ಲಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಎದೆತುಂಬ ಸೇದಿರುತ್ತಾನೆ. 10 ಮೀಟರಿನಲ್ಲಿ ಹಾಗೆ ಉಸಿರು ತುಂಬಿಕೊಂಡು, ಬಾಯಿ ಬಿಗಿಹಿಡಿದು ಮೇಲೆದ್ದರೆ, ಆ ಗಾಳಿ ಇಮ್ಮಡಿ ಜಾಗ ಬೇಡುತ್ತದೆ. ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಏರಬಹುದು. ಇದಕ್ಕೆ ಬಹಳ ಆಳವೂ ಬೇಡ. ಒಂದೆರಡು ಮೀಟರಿನಲ್ಲಿಯೇ ಈ ಅನಾಹುತ ಆಗಬಲ್ಲುದು. ಆದಕಾರಣ ಉಸಿರನ್ನು ಎಂದೂ ಹಿಡಿಯಕೂಡದು ಎಂಬುದು ಈ ವಿದ್ಯೆಯ ಮೊದಲ ಪಾಠ. ಗಮನಿಸಿ: ಬಾವಿಯ ಈಜಿನಲ್ಲಿ ನಮ್ಮ ಮೈ ಕಲಿತದ್ದು ಇದಕ್ಕೆ ನೇರ ವಿರುದ್ಧ. ಅಲ್ಲಿ ಉಸಿರು ಕಟ್ಟುವವನೇ ಜಾಣ. ಗಾಬರಿಯಾದಾಗ ಮೈ ಹಳೆಯ ಅಭ್ಯಾಸಕ್ಕೆ ಮರಳುತ್ತದೆ. ಮರೆಯದ ಈಜೇ ಇಲ್ಲಿ ಶತ್ರುವಾಗುವ ಬಗೆ ಇದು.

ಎರಡನೆಯ ನಿಯಮಕ್ಕೆ ಗೋಲಿ ಸೋಡಾ ಸಾಕ್ಷಿ. ಬುಡ್ಡಿ ಮುಚ್ಚಿರುವ ತನಕ ಅನಿಲ ನೀರಿನಲ್ಲಿ ಅಡಗಿರುತ್ತದೆ; ಗೋಲಿ ಒತ್ತಿದೊಡನೆ ನೊರೆಯಾಗಿ ಉಕ್ಕುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ದ್ರವದಲ್ಲಿ ಹೆಚ್ಚಾಗಿ ಕರಗುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲಿ ತಿಳಿಸಿದನು. ಮುಳುಗುಗಾರನ ಸಿಲಿಂಡರಿನಲ್ಲಿ ಇರುವುದು ಬರಿಯ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಈ ಗಾಳಿಯೇ. ಐದರಲ್ಲಿ ನಾಲ್ಕು ಪಾಲು ಸಾರಜನಕ. ಆಳದಲ್ಲಿ ಈ ಸಾರಜನಕ ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗಿ ಕೂಡುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನೊಡನೆ ಹೊರಹೋಗುತ್ತದೆ. ಅವಸರಪಟ್ಟರೆ ಸೋಡಾದಂತೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲುನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು ಇದರ ಫಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್, ನದಿಯ ತಳದಲ್ಲಿ ಒತ್ತಿದ ಗಾಳಿಯ ಕೋಣೆಗಳಿಗೆ ಇಳಿದು ಹತ್ತಿ, 1872ರಲ್ಲಿ ಈ ರೋಗಕ್ಕೆ ತುತ್ತಾಗಿ ಹಾಸಿಗೆ ಹಿಡಿದನು. ಹಂತಹಂತವಾಗಿ ಮೇಲೇರುವ ಲೆಕ್ಕವನ್ನು ಜೆ. ಎಸ್. ಹಾಲ್ಡೇನ್ ಮತ್ತು ಅವನ ಸಂಗಡಿಗರು ಮೇಕೆಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಮುಂದಿಟ್ಟರು.

ಈ ಎರಡು ನಿಯಮಗಳು ಅಂದು ಹೇಗೋ ಇಂದೂ ಹಾಗೆಯೇ ಇವೆ. ಬದಲಾದದ್ದು ಸಲಕರಣೆ ಮತ್ತು ರೂಢಿ.

ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಂತೆ, ಸೇದಿದಾಗ ಮಾತ್ರ ಗಾಳಿ ಬಿಡುವ ಕವಾಟವನ್ನು ಫ್ರಾನ್ಸಿನಲ್ಲಿ ನೌಕಾಧಿಕಾರಿ ಕುಸ್ತೋ ಮತ್ತು ಎಂಜಿನಿಯರ್ ಗನ್ಯಾನ್ 1943ರಲ್ಲಿ ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಇಲ್ಲದೆ ಅನಿಲದಿಂದ ಕಾರು ಓಡಿಸಲು ಬಳಸುತ್ತಿದ್ದ ಕವಾಟವೇ ಅದರ ಮೂಲ. ಅಲ್ಲಿಂದ ಈ ಆಟ ಜನಸಾಮಾನ್ಯರಿಗೆ ಬಂತು. ಹಳಬರು ಕಲಿತ ಕಾಲದಲ್ಲಿ ಅನೇಕ ಸಿಲಿಂಡರುಗಳಿಗೆ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮಾಪಕವೇ ಇರಲಿಲ್ಲ. ಉಸಿರು ಬಿಗಿಯಾದಾಗ ಪಕ್ಕದ ಸರಳನ್ನು ಎಳೆದರೆ ಸ್ವಲ್ಪ ಮೀಸಲು ಗಾಳಿ ಬರುತ್ತಿತ್ತು. ಅದೇ ಮೇಲೇಳುವ ಸೂಚನೆ. ಜೊತೆಗಾರನಿಗೆ ಗಾಳಿ ಮುಗಿದರೆ ಇಬ್ಬರೂ ಒಂದೇ ಬಾಯಿತುಂಡನ್ನು ಸರದಿಯಂತೆ ಸೇದಬೇಕಾಗಿತ್ತು. ಈಗ ಮಾಪಕವಿಲ್ಲದೆ ಯಾರೂ ನೀರಿಗಿಳಿಯುವುದಿಲ್ಲ. ಪ್ರತಿಯೊಬ್ಬನ ಬಳಿಯೂ ಜೊತೆಗಾರನಿಗೆಂದೇ ಎರಡನೆಯದೊಂದು ಬಾಯಿತುಂಡು ತೂಗುತ್ತಿರುತ್ತದೆ. ತೇಲುವುದನ್ನೂ ಇಳಿಯುವುದನ್ನೂ ಹತೋಟಿಯಲ್ಲಿಡಲು ಗಾಳಿ ತುಂಬುವ ಅಂಗಿ ಬಂದಿದೆ. ಅದರ ಗುಂಡಿಗಳನ್ನು ಒತ್ತುವ ಕ್ರಮ ಕಲಿಯದವನು ಬಲೂನಿನಂತೆ ಮೇಲಕ್ಕೆ ಹಾರಿಯಾನು.

ಆಳವನ್ನೂ ಹೊತ್ತನ್ನೂ ಅಳೆದು ಮೈಯಲ್ಲಿನ ಸಾರಜನಕದ ಲೆಕ್ಕವನ್ನು ಕ್ಷಣಕ್ಷಣವೂ ಹೇಳುವ ಪುಟ್ಟ ಗಣಕಯಂತ್ರಗಳು 1983ರಿಂದೀಚೆಗೆ ಮಾರುಕಟ್ಟೆಗೆ ಬಂದವು. ಈಗ ಅವು ಗಡಿಯಾರದಂತೆ ಮಣಿಕಟ್ಟಿಗೆ ಬಂದಿವೆ. ಹಳಬರು ಕಂಠಪಾಠ ಮಾಡಿದ್ದು 60 ಅಡಿ ಆಳಕ್ಕೆ 60 ನಿಮಿಷ ಎಂಬ ಅಮೆರಿಕದ ನೌಕಾದಳದ ಕೋಷ್ಟಕವನ್ನು. ಅದು ಗಟ್ಟಿಮುಟ್ಟಾದ ತರುಣ ನಾವಿಕರನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದ ಲೆಕ್ಕ. ನಿಮಿಷಕ್ಕೆ 60 ಅಡಿ, ಅಂದರೆ 18 ಮೀಟರ್ ವೇಗದಲ್ಲಿ ಮೇಲೆ ಬರಬಹುದು ಎಂದೂ ಅದು ಹೇಳುತ್ತಿತ್ತು. ಈಗ ನಿಮಿಷಕ್ಕೆ 9 ಮೀಟರ್ ಸಾಕು ಎನ್ನುತ್ತಾರೆ. ಜೊತೆಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುವುದು ರೂಢಿಯಾಗಿದೆ. ಅಂದರೆ 18 ಮೀಟರಿನಿಂದ 1 ನಿಮಿಷದಲ್ಲಿ ಮೇಲೇರುತ್ತಿದ್ದವನು ಈಗ 5 ನಿಮಿಷ ತೆಗೆದುಕೊಳ್ಳಬೇಕು. ಹಳಬನ ಕಷ್ಟ ಇರುವುದು ಇಲ್ಲಿಯೇ. ಹೊಸಬನಿಗೆ ಏನೂ ಗೊತ್ತಿಲ್ಲವೆಂದು ಅವನು ಕೇಳುತ್ತಾನೆ. ಹಳಬನಿಗೆ ಗೊತ್ತಿದೆ, ಆದರೆ ಗೊತ್ತಿರುವುದು ಹಳೆಯದು. ಕೇಳಬೇಕೆಂದೇ ಅವನಿಗೆ ತೋಚುವುದಿಲ್ಲ.

ಅಟ್ಟದ ಮೇಲಿಟ್ಟ ಹಳೆಯ ಸಾಮಾನಿನ ವಿಷಯವಾಗಿ ಒಂದು ಮಾತು. ಹಳೆಯ ರಬ್ಬರು ಬಿರಿತಿರುತ್ತದೆ. ಕವಾಟದೊಳಗಿನ ತೆಳು ಪೊರೆಗಳು ಗಟ್ಟಿಯಾಗಿರುತ್ತವೆ. 1988ಕ್ಕಿಂತ ಮುಂಚೆ ತಯಾರಾದ ಕೆಲವು ಅಲ್ಯೂಮಿನಿಯಂ ಸಿಲಿಂಡರುಗಳ ಮಿಶ್ರಲೋಹದಲ್ಲಿ ಕತ್ತಿನ ಬಳಿ ಬಿರುಕು ಬಿಡುವ ದೋಷ ಕಂಡುಬಂದಿದೆ. ಸುಮಾರು 200 ವಾಯುಭಾರದ ಒತ್ತಡ ತುಂಬುವ ಪಾತ್ರೆ ಬಿರಿದರೆ ಅದು ಬಾಂಬೇ ಸರಿ. ಆ ವಸ್ತುಗಳನ್ನು ನೆನಪಿಗಾಗಿ ಇಟ್ಟುಕೊಳ್ಳಿ, ಉಸಿರಾಡಲು ಬೇಡ.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಬದಲಾದದ್ದು ನಮ್ಮ ಮೈ. ನೀರಿನಲ್ಲಿ ಕತ್ತಿನ ತನಕ ನಿಂತೊಡನೆ ಕಾಲುಗಳಲ್ಲಿ ತಂಗಿದ್ದ ರಕ್ತ ಅರ್ಧ ಲೀಟರಿಗೂ ಮೇಲ್ಪಟ್ಟು ಎದೆಯ ಕಡೆಗೆ ನುಗ್ಗುತ್ತದೆ. ಇಪ್ಪತ್ತೈದರ ಗುಂಡಿಗೆಗೆ ಇದು ಲೆಕ್ಕಕ್ಕಿಲ್ಲ. ಅರವತ್ತರ ಗುಂಡಿಗೆಗೆ, ಅದರಲ್ಲಿಯೂ ರಕ್ತದೊತ್ತಡ ಇರುವವರಿಗೆ, ಇದು ಭಾರವೇ. ಅದರ ಮೇಲೆ ತಣ್ಣೀರು, ದೋಣಿಯಿಂದ ಹಾರುವ ಆತಂಕ, ಸೆಳೆತಕ್ಕೆ ಎದುರಾಗಿ ಕಾಲು ಬಡಿಯುವ ದುಡಿಮೆ. ಕೆಲವರಿಗೆ ಶ್ವಾಸಕೋಶದಲ್ಲಿಯೇ ನೀರು ಜಿನುಗಿ ಉಸಿರುಕಟ್ಟುವುದೂ ಉಂಟು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯವರು, 1992ರಿಂದ 2003ರ ವರೆಗೆ ಈ ಆಟದಲ್ಲಿ ಸಂಭವಿಸಿದ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಕಾರಣ ಗೊತ್ತುಮಾಡಲು ಸಾಧ್ಯವಾದ ಪ್ರಸಂಗಗಳಲ್ಲಿ, ಐದರಲ್ಲಿ ಎರಡು ಪಾಲು ಅನಾಹುತಗಳು ಗಾಳಿ ಮುಗಿದು ಹೋದದ್ದರಿಂದ ಮೊದಲಾಗಿದ್ದವು. ಮಾಪಕ ನೋಡಿದ್ದರೆ ತಪ್ಪಬಹುದಾಗಿದ್ದ ಸಾವುಗಳು ಅವು. ಮೈಗಾದ ಆಘಾತವನ್ನು ನೋಡಿದರೆ, ಸುಮಾರು ನಾಲ್ಕರಲ್ಲಿ ಒಂದು ಪಾಲು ಹೃದಯಕ್ಕೆ ಸಂಬಂಧಪಟ್ಟದ್ದು. ಅದು 40 ದಾಟಿದವರಲ್ಲಿ ಹೆಚ್ಚು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಮೊದಲನೆಯದನ್ನು ಕಣ್ಣಿನಿಂದಲೂ ಎರಡನೆಯದನ್ನು ವೈದ್ಯರ ತಪಾಸಣೆಯಿಂದಲೂ ಬಹುಮಟ್ಟಿಗೆ ತಡೆಯಬಹುದು ಎಂಬುದೇ ಇದರ ತಾತ್ಪರ್ಯ.

ಕಣ್ಣು ಎಂದೆವಷ್ಟೆ. ಚಾಳೀಸು ಬಂದ ಮೇಲೆ ಮಾಪಕದ ಸಣ್ಣ ಅಂಕಿಗಳು ಮಬ್ಬಾಗುತ್ತವೆ. ಓದುವ ಕನ್ನಡಕದ ಗಾಜನ್ನೇ ಮುಖವಾಡಕ್ಕೆ ಕೂಡಿಸಿಕೊಡುತ್ತಾರೆ, ಕೇಳಿ ಪಡೆಯಬೇಕು. ಕಟ್ಟಿಸಿಕೊಂಡ ಹಲ್ಲು ಇದ್ದರೆ ಬಾಯಿತುಂಡು ಕಚ್ಚಿ ಹಿಡಿಯಲು ಆಗುವುದೇ ಎಂದು ಮೊದಲೇ ನೋಡಬೇಕು. ಸೊಂಟದ ಸುತ್ತಳತೆ ಹೆಚ್ಚಿದ್ದರೆ ಎರಡು ಪರಿಣಾಮಗಳುಂಟು. ಕೊಬ್ಬು ನೀರಿಗಿಂತ ಸುಮಾರು ಐದು ಪಟ್ಟು ಸಾರಜನಕವನ್ನು ಹೀರುತ್ತದೆ. ಮೇಲಾಗಿ ಕೊಬ್ಬು ತೇಲುತ್ತದೆ. ಆದುದರಿಂದ ನಡುವಿಗೆ ಕಟ್ಟುವ ಸೀಸದ ತೂಕದ ಹಳೆಯ ಲೆಕ್ಕ ಈಗ ನಡೆಯದು.

ಹಾಗಾದರೆ ಮರಳಿ ಇಳಿಯುವ ಕ್ರಮ ಹೇಗೆ? ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆಯನ್ನು ದಡದಲ್ಲಿಯೇ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿಯಬೇಕು.

ಮೊದಲನೆಯದು ವೈದ್ಯರ ಬಾಗಿಲು. 2020ರಲ್ಲಿ ಪರಿಷ್ಕೃತವಾದ, ಎಲ್ಲ ಕಡೆಗಳಲ್ಲಿಯೂ ಬಳಕೆಯಲ್ಲಿರುವ ಪ್ರಶ್ನಾವಳಿಯೊಂದಿದೆ. 45 ದಾಟಿದವರನ್ನು ಹೊಗೆಬತ್ತಿ, ಕೊಲೆಸ್ಟರಾಲು ಮುಂತಾದವನ್ನು ಕುರಿತು ಅದು ವಿಶೇಷವಾಗಿ ಕೇಳುತ್ತದೆ. ಹೌದು ಎನ್ನಬೇಕಾದಲ್ಲಿ ಇಲ್ಲ ಎಂದು ಬರೆದರೆ ದೋಣಿ ಹತ್ತಿಸಿಕೊಂಡಾರು. ಆದರೆ ಮೋಸ ಹೋಗುವುದು ದೋಣಿಯವನಲ್ಲ. ಆಸ್ತಮಾ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಎದೆನೋವು, ನಿತ್ಯ ನುಂಗುವ ಗುಳಿಗೆಗಳು, ಎಲ್ಲವನ್ನೂ ಹೇಳಿ, ಎದೆಯ ಶಕ್ತಿಯನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡನೆಯದು, ಯಾವ ಸಲಕರಣೆಯೂ ಇಲ್ಲದೆ ಕೆಲವು ವಾರ ಈಜುಕೊಳದಲ್ಲಿ ಈಜು, ಬೆಳಗಿನ ಬಿರುಸು ನಡಿಗೆ. ಮಹಡಿ ಹತ್ತುವಾಗ ಏದುಸಿರು ಬರುವವರು ಕಡಲಿಗೆ ಅವಸರಪಡಬಾರದು.

ಮೂರನೆಯದು, ಕೊಳದಲ್ಲಿ ಬೋಧಕನ ಮುಂದೆ ಪುನರಭ್ಯಾಸ. ಮುಖವಾಡಕ್ಕೆ ನೀರು ತುಂಬಿಸಿ ಮೂಗಿನಿಂದ ಊದಿ ತೆಗೆಯುವುದು, ಬಾಯಿಯಿಂದ ಜಾರಿದ ಕವಾಟವನ್ನು ಹುಡುಕಿ ಹಿಡಿಯುವುದು, ಜೊತೆಗಾರನ ಗಾಳಿ ಸೇದುತ್ತ ಮೇಲೆ ಬರುವುದು, ತೂಕ ಕಳಚುವುದು: ಇವು ಕೈಗೆ ಮರಳುವ ತನಕ ಅಲ್ಲಿಯೇ ಇರಬೇಕು. ಕಲಿಸುವವನು ಮಗನ ವಯಸ್ಸಿನವನಾಗಿರಬಹುದು. “ನಾನು ಕಲಿತಾಗ ನೀನು ಹುಟ್ಟಿರಲಿಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ನುಂಗಿಕೊಳ್ಳುವುದು ಒಳ್ಳೆಯದು. ಮೂವತ್ತು ವರ್ಷ ಇಳಿದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಹೇಳಬೇಕು.

ನಾಲ್ಕನೆಯದು ಕಡಲು. ಮೊದಲ ಸಲ 10–12 ಮೀಟರ್ ಸಾಕು; ನೀರು ತಿಳಿಯಾಗಿ, ಸೆಳೆತ ಕಡಿಮೆ ಇರಲಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಇದಕ್ಕೆ ಕಾಲವಲ್ಲ. ಇಳಿಯುವಾಗ ಕಿವಿ ನೋಯುವ ಮುನ್ನವೇ ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡಿಕೊಳ್ಳಬೇಕು. ನೆಗಡಿ ಇದ್ದ ದಿನ ಇಳಿಯಲೇಬಾರದು. ಯಾವ ಕ್ಷಣದಲ್ಲಿ ಬೇಕಾದರೂ ‘ಇಂದು ಬೇಡ’ ಎನ್ನುವ ಹಕ್ಕು ಪ್ರತಿಯೊಬ್ಬ ಮುಳುಗುಗಾರನಿಗೂ ಉಂಟು. ಅದಕ್ಕೆ ಕಾರಣ ಕೇಳುವ ರೂಢಿಯಿಲ್ಲ.

ಮೇಲೆ ಬಂದ ಮೇಲಿನ ಎಚ್ಚರಿಕೆ ಮನೆಯವರೆಲ್ಲರಿಗೂ ತಿಳಿದಿರಬೇಕು. ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುತ್ತದೆ. ಮೈಯಲ್ಲಿ ಉಳಿದ ಸಾರಜನಕಕ್ಕೆ ಅದು ಸೋಡಾಬುಡ್ಡಿಯ ಗೋಲಿ ಒತ್ತಿದಂತೆ. ಒಂದೇ ಸಲ ಇಳಿದಿದ್ದರೆ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ರೂಢಿಯ ನಿಯಮ. ಈ ನಿಯಮವನ್ನು ಮಾಡಿರುವುದು ಸುಮಾರು 600 ಮೀಟರಿನಿಂದ 2400 ಮೀಟರ್ ಎತ್ತರದ ವಾಯುಭಾರಕ್ಕೆ. ಈಗ ನಮ್ಮ ನಾಡಿನ ನೆಲವನ್ನು ನೆನೆಸಿಕೊಳ್ಳಿ. ಆಗುಂಬೆ 600 ಮೀಟರಿಗೂ ಮೇಲಿದೆ. ಬೆಂಗಳೂರು 900 ಮೀಟರಿನ ಆಸುಪಾಸಿನಲ್ಲಿದೆ. ಬೆಳಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಇಳಿದು, ಅಂದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುವವರು ರೆಕ್ಕೆಯಿಲ್ಲದೆಯೇ ವಿಮಾನ ಹತ್ತಿದಂತೆ. ಒಂದು ರಾತ್ರಿ ಕರಾವಳಿಯಲ್ಲಿ ತಂಗಿ ಮರುದಿನ ಹೊರಟರೆ ಏನೂ ನಷ್ಟವಿಲ್ಲ.

ಇನ್ನೊಂದು ಮಾತು. ಗುಳ್ಳೆರೋಗದ ಲಕ್ಷಣಗಳು ಬಹುಪಾಲು ಒಂದು ದಿನದೊಳಗೆ ತೋರುತ್ತವೆ. ಆದರೆ ಹಿರಿಯರು ಭುಜ ನೋಯುತ್ತಿದೆ, ಕಾಲು ಜೋಮು ಹಿಡಿದಿದೆ ಎಂದರೆ ಮನೆಯವರು ‘ವಯಸ್ಸಾಯಿತು, ವಾಯು ಇರಬೇಕು’ ಎಂದು ತೈಲ ತಿಕ್ಕುತ್ತಾರೆ. ಹಿರಿಯರೂ ಹಾಗೆಯೇ ಅಂದುಕೊಳ್ಳುತ್ತಾರೆ. ಹೊತ್ತು ಮೀರುವುದು ಹೀಗೆ. ಇದಕ್ಕೆ ಮದ್ದು ಶುದ್ಧ ಆಮ್ಲಜನಕ ಮತ್ತು ಒತ್ತಡದ ಕೋಣೆಯಲ್ಲಿ ಚಿಕಿತ್ಸೆ. ವೈದ್ಯರ ಬಳಿಗೆ ಹೋದಾಗ “ಇವರು ನಿನ್ನೆ ಸಿಲಿಂಡರು ಹೊತ್ತು ಕಡಲಿಗಿಳಿದಿದ್ದರು” ಎಂದು ಮೊದಲ ವಾಕ್ಯದಲ್ಲಿಯೇ ಹೇಳಬೇಕು. ಹೊರಡುವ ಮೊದಲೇ, ದೋಣಿಯಲ್ಲಿ ಆಮ್ಲಜನಕ ಇದೆಯೇ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಕೆಳಗೆ ಹೋದವರಿಗೆ ಕಾಣುವ ಕಡಲು ಕೂಡ ಹಳೆಯದಲ್ಲ. ನೀರು ಕಾದು ಹವಳದ ದಿಬ್ಬಗಳು ಬಿಳಿಚಿಕೊಳ್ಳುವ ಉತ್ಪಾತ ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ನಡೆಯಿತು. ಅಂದು ಬಣ್ಣಬಣ್ಣದ ತೋಟ ಕಂಡವರು ಇಂದು ಬೂದಿಬಣ್ಣದ ಕೊರಡುಗಳನ್ನೂ ಕಾಣಬಹುದು. ಹಿಂದೆ ನೆನಪಿಗೆಂದು ಒಂದು ತುಂಡು ಹವಳ ಮುರಿದು ತರುವವರಿದ್ದರು. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಅವನ್ನು ಮುರಿಯುವುದು ಅಪರಾಧ. ಈಗ ನೋಡಿ ಬರುವುದಷ್ಟೇ ಮರ್ಯಾದೆ.

ಇಷ್ಟೆಲ್ಲ ಕೇಳಿ, ವಯಸ್ಸಾದವರಿಗೆ ಇದು ಸಲ್ಲದ ಆಟ ಎಂದು ತೀರ್ಮಾನಿಸಬೇಡಿ. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ರೇ ವೂಲಿ ಎಂಬ ಬ್ರಿಟಿಷ್ ವೃದ್ಧರು 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಸೈಪ್ರಸ್ ತೀರದಲ್ಲಿ 1980ರಲ್ಲಿ ಮುಳುಗಿದ ಜೆನೋಬಿಯಾ ಎಂಬ ಹಡಗಿನ ಬಳಿಗೆ 40 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂದರು. ಅವರು ಒಂಟಿಯಾಗಿ ಇಳಿಯಲಿಲ್ಲ, ಸುತ್ತ ಸಂಗಡಿಗರಿದ್ದರು. ಎಲ್ಲರೂ ಅಷ್ಟು ಆಳಕ್ಕೆ ಹೋಗಬೇಕಾದುದಿಲ್ಲ. ವಯಸ್ಸು ಬಾಗಿಲನ್ನು ಮುಚ್ಚುವುದಿಲ್ಲ, ಬಗ್ಗಿ ಒಳಗೆ ಬಾ ಎನ್ನುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹರೆಯದಲ್ಲಿ ಎಷ್ಟು ಆಳ ಇಳಿದೆವು ಎಂಬುದು ಹೆಚ್ಚುಗಾರಿಕೆಯಾಗಿತ್ತು. ನೀರಿನಲ್ಲಿ ತೂಕವಿಲ್ಲದೆ ತೂಗುತ್ತ, ಕೈಯಳತೆಯಲ್ಲಿ ಮೀನಿನ ಹಿಂಡು ಸರಿದುಹೋಗುವುದನ್ನು ನೋಡುವ ಸುಖ 10 ಮೀಟರಿನಲ್ಲಿಯೂ ಅಷ್ಟೇ ಇದೆ. ಅಲ್ಲಿ ಬೆಳಕೂ ಹೆಚ್ಚು, ಗಾಳಿಯೂ ಹೆಚ್ಚು ಹೊತ್ತು ಬಾಳುತ್ತದೆ. ಮರಳಿ ಇಳಿಯುವವರು ಒಂದು ಲೆಕ್ಕವನ್ನು ಮಾತ್ರ ಇಟ್ಟುಕೊಂಡರೆ ಸಾಕು: ದೋಣಿಗೆ ಹತ್ತುವಾಗ ಸಿಲಿಂಡರಿನಲ್ಲಿ ಕಾಲು ಭಾಗವಾದರೂ ಗಾಳಿ ಉಳಿದಿರಬೇಕು.